ಚಿತ್ರ ಹೋಗಿ ಮಾತು ಉಳಿದ ಟಿವಿ

ನಮ್ಮ ಮನೆಯ ಟಿವಿ ಪೂರ್ತಿ ಕೆಡಲಿಲ್ಲ, ಅರ್ಧ ಕೆಟ್ಟಿತು. ಚಿತ್ರ ಹೋಯಿತು, ಮಾತು ಉಳಿಯಿತು. ಪೂರ್ತಿ ಕೆಟ್ಟಿದ್ದರೆ ನಮ್ಮ ಪಾಡು ಸುಲಭವಿತ್ತು. ಕೆಟ್ಟದ್ದನ್ನು ಅಟ್ಟಕ್ಕೇರಿಸಿ ಮರೆತುಬಿಡುವ ವಿದ್ಯೆ ಎಲ್ಲ ಸಂಸಾರಗಳಿಗೂ ತಾನಾಗಿ ಬಂದಿರುತ್ತದೆ. ಆದರೆ ಅರ್ಧ ಕೆಟ್ಟ ವಸ್ತುವಿನ ಸ್ವಭಾವವೇ ಬೇರೆ. ಅದು ಮನೆಯ ನಟ್ಟನಡುವೆ ಕೂತು, ಕೆಟ್ಟೆನೆಂದು ಹೇಳದೆ, ನೆಟ್ಟಗಿದ್ದೇನೆಂದೂ ಹೇಳದೆ, ನನ್ನನ್ನೇನು ಮಾಡುತ್ತೀರಿ ಎಂಬಂತೆ ದಿನವೂ ನಮ್ಮ ಮುಖ ನೋಡುತ್ತಿರುತ್ತದೆ.

ಇಂಥ ಅರೆಜೀವಗಳು ನಮಗೆ ಹೊಸವಲ್ಲ. ನಮ್ಮ ಮಿಕ್ಸಿ ಮುಚ್ಚಳವನ್ನು ಎಡಗೈಯಿಂದ ಅದುಮಿ ಹಿಡಿದರೆ ಮಾತ್ರ ತಿರುಗುತ್ತದೆ. ಇಸ್ತ್ರಿಪೆಟ್ಟಿಗೆಯ ವೈರನ್ನು ಗೋಡೆಯ ಕಡೆ ಬಾಗಿಸಿಡಬೇಕು, ಇಲ್ಲದಿದ್ದರೆ ಅದಕ್ಕೆ ಕಾವು ಏರುವುದಿಲ್ಲ. ಫ್ಯಾನಿಗೆ ಒಂದೇ ವೇಗ ಗೊತ್ತು, ಅದೂ ಬಿರುಗಾಳಿಯ ವೇಗ. ಹೊಸಬರು ಬಂದರೆ ತಬ್ಬಿಬ್ಬಾಗುತ್ತಾರೆ. ನಮಗೆ ಮಾತ್ರ ಈ ಯಂತ್ರಗಳ ಸಿಟ್ಟುಸೆಡವೆಲ್ಲ ಮನೆಮಂದಿಯದಷ್ಟೇ ಪರಿಚಿತ. ಗ್ಯಾರಂಟಿ ಎಂಬುದು ಮುಗಿದ ಮೇಲೆಯೇ, ನೀವೂ ಬಲ್ಲಿರಿ, ವಸ್ತುವೊಂದು ನಿಜವಾಗಿ ನಮ್ಮದಾಗುವುದು. ಅಲ್ಲಿಯತನಕ ಅದು ಅಂಗಡಿಯವನ ಜವಾಬ್ದಾರಿ. ಆಮೇಲೆ ನಮ್ಮ ಹಣೆಬರಹ.

ಕೊಟ್ಟೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಕಡೆ ನನ್ನ ಹೊಲಿಗೆ ಯಂತ್ರ, ಅದರೆದುರು ಟಿವಿ. ನಾನು ಊರಿನ ಹೆಂಗಸರ ಜಂಪರು ಹೊಲಿಯುವವಳು. ನನ್ನ ಗಂಡ ಕೊಟ್ರೇಶ ಬಜಾರದಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದಾರೆ. ಯಂತ್ರಕ್ಕೂ ಟಿವಿಗೂ ಸಮಾನ ದೂರದಲ್ಲಿ, ಗೋಡೆಗೊರಗಿ ಕೂತು ಜಂಪರುಗಳಿಗೆ ಹುಕ್ಸು ಹಚ್ಚುವವರು ನನ್ನ ಅತ್ತೆ ಹಾಲಮ್ಮ. ಹಣೆಗೆ ವಿಭೂತಿ, ಬಾಯಲ್ಲಿ ಎಲೆ ಅಡಿಕೆ, ಕೈಯಲ್ಲಿ ಯಾರದೋ ಜಂಪರು, ಕಿವಿಯಲ್ಲಿ ಸಂಜೆಯ ಧಾರಾವಾಹಿ. ಕಿವಿಯಲ್ಲಿ ಎಂದು ನಾನೀಗ ಬರೆಯುತ್ತಿದ್ದೇನೆ. ಆಗ ಕೇಳಿದ್ದರೆ ಕಣ್ಣಲ್ಲಿ ಎಂದೇ ಹೇಳುತ್ತಿದ್ದೆ.

ಪರದೆ ಕಪ್ಪಾದ ಮೊದಲ ಸಂಜೆ ಕೊಟ್ರೇಶ ರಿಮೋಟನ್ನು ತೊಡೆಗೆ ಬಡಿದರು, ಟಿವಿಯ ನೆತ್ತಿಗೆ ಮೆಲ್ಲಗೆ ತಟ್ಟಿದರು, ಡಿಶ್ಶಿನ ವೈರು ಕಿತ್ತು ಮತ್ತೆ ಸಿಕ್ಕಿಸಿದರು. ಒಳಗಿನ ಮಂದಿ ಇದ್ಯಾವುದರ ಪರಿವೆಯಿಲ್ಲದೆ ಕತ್ತಲಲ್ಲಿ ಜಗಳಾಡುತ್ತಲೇ ಇದ್ದರು. ಕೊನೆಗೆ ಬೇಸತ್ತು ಆರಿಸಲು ಹೋದಾಗ ಅತ್ತೆ ಗದರಿಕೊಂಡರು.

"ಯಾಕ ಆರಸ್ತೀಯೋ? ಸಣ್ಣ ಸೊಸಿ ಈಗಷ್ಟ ಒಳಗ ಬಂದಾಳ. ಇನ್ನೇನ್ ಸತ್ಯ ಹೇಳತಾಳ, ತಡಿ."

"ಅವ್ವಾ, ಕಪ್ಪ ಪರದಿ ಐತಿ. ಸಣ್ಣ ಸೊಸಿ ಬಂದಾಳಂತ ನಿನಗ್ಯಾರು ಹೇಳಿದ್ರು?"

"ಬಳಿ ಸದ್ದ ಕೇಳಲಿಲ್ಲೇನು? ದೊಡ್ಡ ಸೊಸಿ ಕೈತುಂಬ ಗಾಜಿನ ಬಳಿ ಹಾಕ್ತಾಳ. ಈಕಿ ಒಂದೊಂದ ಕೈಗೆ ಒಂದೊಂದ. ಸುಮ್ನ ಕುಂದರು."

ಸುಮ್ಮನೆ ಕೂತೆವು. ಏನು ಹೇಳಲಿ ನಿಮಗೆ, ಆ ವಾರದ ಸಂಜೆಗಳಷ್ಟು ನಲಿವಿನ ಸಂಜೆಗಳು ನಮ್ಮ ಪಡಸಾಲೆಯಲ್ಲಿ ಹಿಂದೆ ಬಂದದ್ದು ನನಗೆ ನೆನಪಿಲ್ಲ. ಅತ್ತೆ ನಮಗೆ ಕತ್ತಲಿನ ಕಥೆಯನ್ನು ಬಿಡಿಸಿ ಹೇಳುತ್ತ ಹೋದರು. ಬಾಗಿಲು ಕಿರುಗುಟ್ಟಿದರೆ ಮಾವ ಬಂದ, ಚಪ್ಪಲಿ ಎಳೆದರೆ ಅವನ ತಮ್ಮ, ಲೋಟ ಕುಕ್ಕಿದ ಸದ್ದಾದರೆ ದೊಡ್ಡ ಸೊಸೆಗೆ ಸಿಟ್ಟು ಬಂದಿದೆ. ಯಾರು ಸುಳ್ಳು ಹೇಳುತ್ತಿದ್ದಾರೆಂಬುದನ್ನು ಅವರು ಉಸಿರಿನ ಮೇಲೆಯೇ ಗುರುತಿಸುತ್ತಿದ್ದರು. ಜಂಪರು ಹೊಲಿಯಲು ಕೊಟ್ಟವರು ಅಳತೆಗೆ ಬಂದು, ಅಳತೆ ಮರೆತು, ಅತ್ತೆಯ ಪಕ್ಕದಲ್ಲೇ ಕೂತುಬಿಡುತ್ತಿದ್ದರು. ಕಣ್ಣಿಗೆ ಕೆಲಸವಿಲ್ಲದಾಗ ನಾವೆಲ್ಲ ಒಬ್ಬರ ಮುಖವನ್ನೊಬ್ಬರು ನೋಡಿ ನಗುತ್ತಿದ್ದೆವು. ಪರದೆ ಬೆಳಗುತ್ತಿದ್ದಾಗ ನಮ್ಮ ಮುಖಗಳಿಗೆ ಅಷ್ಟು ಬೆಲೆ ಇರಲಿಲ್ಲ.

ಆದರೂ ಕೆಟ್ಟ ಟಿವಿಯನ್ನು ಹಾಗೇ ಇಟ್ಟುಕೊಳ್ಳುವುದು ಗೃಹಸ್ಥರಿಗೆ ಶೋಭೆಯಲ್ಲ ಎಂಬುದು ಕೊಟ್ರೇಶರ ಮತ. ಅವರು ನನ್ನ ಅಳತೆಪಟ್ಟಿಯನ್ನೇ ತೆಗೆದುಕೊಂಡು ಗೋಡೆ ಅಳೆಯತೊಡಗಿದಾಗ ಅವರ ಮನಸ್ಸು ಎತ್ತ ಹೊರಟಿದೆಯೆಂಬುದು ತಿಳಿಯಿತು. ಬಾಗಿಲ ಚೌಕಟ್ಟಿನಿಂದ ಕಿಟಕಿಯತನಕ ಅಳೆದು, ಅಲ್ಲಿ ತೂಗುತ್ತಿದ್ದ ಕ್ಯಾಲೆಂಡರನ್ನು ಮನಸ್ಸಿನಲ್ಲೇ ತೆಗೆದುಹಾಕಿ, "ಹಿಡಿತೈತಿ" ಎಂದರು.

ಅಂಗಡಿಗೆ ರಜೆಯ ದಿನ ನೋಡಿಕೊಂಡು ಇಬ್ಬರೂ ಹರಪನಹಳ್ಳಿಗೆ ಹೋದೆವು. ಅಲ್ಲಿನ ದೊಡ್ಡ ಅಂಗಡಿಯೊಂದರಲ್ಲಿ ಗೋಡೆಯುದ್ದಕ್ಕೂ ಟಿವಿಗಳು; ಎಲ್ಲದರಲ್ಲೂ ಒಂದೇ ಕಡಲು, ಒಂದೇ ಮೀನು. ಮೆಕ್ಕೆಜೋಳದ ಧೂಳು ಹೊತ್ತ ಲಾರಿಗಳು ಹೊರಗೆ ಸಾಗುತ್ತಿದ್ದರೆ ಒಳಗೆ ಅಷ್ಟೂ ಮೀನುಗಳು ಒಟ್ಟಿಗೆ ಬಾಲ ತಿರುಗಿಸುತ್ತಿದ್ದವು. ಕೊಟ್ರೇಶ ಅವುಗಳೆದುರು ಮೈಮರೆತು ನಿಂತರು. ಅಂಗಡಿಯ ತರುಣ ಬಹಳ ವಿನಯದಿಂದ ಬಂದ.

"ರಿಪೇರಿ ಮಾಡ್ಸಿದ್ದು ಎಷ್ಟು ದಿನ ಬರುತ್ತೆ ಹೇಳಿ ಸರ್? ಇದನ್ನ ತಗಂಡೋಗಿ, ಮೂರು ವರ್ಷ ಚಿಂತೆನೇ ಇಲ್ಲ."

"ಮೂರು ವರ್ಷ ಆದ ಮ್ಯಾಲ?" ಎಂದೆ ನಾನು.

"ಅಷ್ಟೊತ್ತಿಗೆ ಇದಕ್ಕಿಂತ ಚಲೋದು ಬಂದಿರುತ್ತೆ ಬಿಡ್ರಿ ಮೇಡಂ" ಎಂದು ನಕ್ಕ. ಪಾಪ, ಸುಳ್ಳೇನೂ ಹೇಳಲಿಲ್ಲ.

ಬಸ್ಸಿನಲ್ಲಿ ಹಿಂದಿರುಗುವಾಗ ನಾನು ಅದನ್ನೇ ಯೋಚಿಸುತ್ತಿದ್ದೆ. ರಿಪೇರಿಯಾದದ್ದು ಎಷ್ಟು ದಿನ ಬಾಳೀತೆಂದು ನಾವು ಬಹಳ ಕಟ್ಟುನಿಟ್ಟಾಗಿ ಕೇಳುತ್ತೇವೆ. ಹೊಸದನ್ನು ಮಾತ್ರ ಅದು ಅಮರವೋ ಎಂಬಂತೆ ನಂಬಿ ಹೆಗಲ ಮೇಲೆ ಹೊತ್ತು ತರುತ್ತೇವೆ. ನನ್ನ ವೃತ್ತಿಯಲ್ಲಿ ಇದನ್ನು ದಿನವೂ ನೋಡುತ್ತೇನೆ. ಮದುವೆಯ ರೇಷ್ಮೆ ಜಂಪರನ್ನು ಬಿಚ್ಚಿ ಅಗಲ ಮಾಡಿಕೊಡಿರೆಂದು ತರುವವರೂ ಇದ್ದಾರೆ, ಸಣ್ಣ ಹರಕು ಕಂಡೊಡನೆ ಒರೆಸುವ ಬಟ್ಟೆ ಮಾಡುವವರೂ ಇದ್ದಾರೆ. ಇವರಲ್ಲಿ ಯಾರು ಜಾಣರೆಂದು ಇಷ್ಟು ವರ್ಷವಾದರೂ ನಾನು ತೀರ್ಮಾನಿಸಿಲ್ಲ. ಬಟ್ಟೆಯ ನೂಲು ಗಟ್ಟಿಯಿದ್ದರೆ ಹೊಲಿಗೆ ನಿಲ್ಲುತ್ತದೆ, ನೂಲೇ ಜೀರ್ಣವಾಗಿದ್ದರೆ ಸೂಜಿ ಚುಚ್ಚಿದಲ್ಲೆಲ್ಲ ಹರಿಯುತ್ತದೆ. ಟಿವಿಯ ನೂಲು ಹೇಗಿದೆಯೆಂದು ತಿಳಿದವರನ್ನು ಕೇಳದೆ ಹೊಸದನ್ನು ತರುವುದು ಬೇಡವೆಂದು ನಾನು ಹಟ ಹಿಡಿದೆ. ಕೊಟ್ರೇಶ ಮನಸ್ಸಿಲ್ಲದ ಮನಸ್ಸಿನಿಂದ ಖಾಸಿಂಸಾಬರಿಗೆ ಹೇಳಿಕಳುಹಿಸಿದರು.

ಖಾಸಿಂಸಾಬರು ನಮ್ಮೂರಿನ ಟಿವಿ ಮೆಕ್ಯಾನಿಕ್. ಪೆಟ್ಟಿಗೆಯಂಥ ಟಿವಿಗಳ ಕಾಲದಿಂದ ನಮ್ಮ ಮನೆಗೆ ಬಂದುಹೋಗುವ ಮನುಷ್ಯ. ಕೆಲಸಕ್ಕಿಂತ ಮಾತು ಹೆಚ್ಚು, ಮಾತಿಗಿಂತ ಚಹ ಹೆಚ್ಚು. ಅವರು ಬಂದವರೇ ಕಿಟಕಿ ಬಾಗಿಲು ಮುಚ್ಚಿಸಿ, ಟಿವಿ ಹಾಕಿ, ಕಪ್ಪು ಪರದೆಗೆ ತಮ್ಮ ಬ್ಯಾಟರಿಯ ಬೆಳಕನ್ನು ಓರೆಯಾಗಿ ಬಿಟ್ಟರು.

"ಅಕ್ಕಾರ, ಹಿಂಗ ಬಗ್ಗಿ ನೋಡ್ರಿ."

ನೋಡಿದೆ. ಬ್ಯಾಟರಿಯ ಬೆಳಕು ಬಿದ್ದಷ್ಟು ಜಾಗದಲ್ಲಿ, ಬಾವಿಯ ತಳದಲ್ಲಿ ಅಲುಗಾಡುವ ನೆರಳಿನಂತೆ, ಒಬ್ಬ ಹೆಂಗಸು ಮಾತಾಡುತ್ತಿದ್ದಳು! ಮಸಕು ಮಸಕಾಗಿ, ಆದರೆ ಇದ್ದಳು.

"ಚಿತ್ರ ಐತ್ರಿ. ಹಿಂದ ದೀಪದ ಪಟ್ಟಿ ಇರ್ತಾವ, ಅವು ಹೋಗ್ಯಾವ" ಎಂದರು ಖಾಸಿಂಸಾಬರು. "ಬೆಳಕಿಲ್ಲ, ಅದಕ್ಕ ಕಾಣವಲ್ದು."

ಕೊಟ್ರೇಶರೂ ಬಗ್ಗಿ ನೋಡಿ ಬೆರಗಾದರು. ನಮ್ಮ ಉದ್ಗಾರ ಕೇಳಿ ಅತ್ತೆ ಗೋಡೆ ಬಿಟ್ಟೆದ್ದು ಬಂದರು. ಅಷ್ಟರಲ್ಲಿ ಖಾಸಿಂಸಾಬರು ಬೆಳಕನ್ನು ಟಿವಿಯ ಬೆನ್ನಿನ ಕಡೆ ತಿರುಗಿಸಿ ಸ್ಕ್ರೂಗಳನ್ನು ಹುಡುಕತೊಡಗಿದ್ದರು. ಮುಂದಿನ ಪರದೆ ಕಾಡಿಗೆಯಂತೆ ಕಪ್ಪಾಗಿತ್ತು. ಅತ್ತೆ ಅದರೆದುರು ಬಗ್ಗಿ, ತಲೆದೂಗಿ, "ಹೌದೌದು, ಎಷ್ಟ್ ಚಂದ ಕಾಣ್ತಾರ! ಇಬ್ರೂ ಕುಂತ್ಕೊಂಡು ಮಾತಾಡಾಕ ಹತ್ಯಾರ" ಎಂದರು.

ಕೊಟ್ರೇಶ ನನ್ನ ಮುಖ ನೋಡಿದರು. ಖಾಸಿಂಸಾಬರ ಕೈ ನಿಂತಿತು.

ನಾನು ಸಾವರಿಸಿಕೊಂಡು, ದನಿಯನ್ನು ಆದಷ್ಟು ಹಗುರ ಮಾಡಿಕೊಂಡು ಕೇಳಿದೆ: "ಅತ್ತಿ, ಆಕಿ ಸೀರಿ ಯಾವ ಬಣ್ಣದ್ದೈತಿ?"

ಅತ್ತೆ ಪರದೆಯ ಕಡೆ ಕಿವಿ ವಾಲಿಸಿದರು. ಆಮೇಲೆ ಗಟ್ಟಿಯಾಗಿ, "ಕೆಂಪು" ಎಂದರು.

ಯಾರೂ ಮಾತಾಡಲಿಲ್ಲ. ಒಳಗಿನ ಇಬ್ಬರು ಮಾತ್ರ ಮಾತಾಡುತ್ತಲೇ ಇದ್ದರು. ಆ ಮೌನದ ಅರ್ಥ ನಮ್ಮೆಲ್ಲರಿಗಿಂತ ಮೊದಲು ತಿಳಿದದ್ದು ಅತ್ತೆಗೇ ಇರಬೇಕು. ಸದ್ದುಗಳನ್ನು ಅಷ್ಟು ಚೆನ್ನಾಗಿ ಓದಬಲ್ಲವರು ಮೌನವನ್ನು ಓದದಿರುತ್ತಾರೆಯೇ? ಅವರು ಸೆರಗು ಸರಿಮಾಡಿಕೊಂಡು, ಗೋಡೆಯನ್ನು ಕೈಯಿಂದ ಹುಡುಕಿ, ತಮ್ಮ ಜಾಗದಲ್ಲಿ ಹೋಗಿ ಕೂತರು.

ಆಗ ಒಂದೊಂದಾಗಿ ತಿಳಿಯತೊಡಗಿತು. ಹುಕ್ಸುಗಳನ್ನು ಅವರು ಬೆರಳಿನಿಂದ ತಡವಿಯೇ ಹಚ್ಚುತ್ತಿದ್ದರು. ಹಸಿರು ಜಂಪರಿಗೆ ಹಳದಿ ದಾರ ಹಾಕಿದ್ದನ್ನು ವಯಸ್ಸಿನ ಮರೆವೆಂದು ನಾವು ನಕ್ಕಿದ್ದೆವು. ಬೀದಿಯಲ್ಲಿ ಹೋಗುವವರನ್ನು ಅವರು ಮಾತಾಡಿಸುತ್ತಿದ್ದದ್ದು ಆ ಮಂದಿಯೇ ಮೊದಲು ದನಿ ಎತ್ತಿದ ಮೇಲೆ. ಟಿವಿಯ ಚಿತ್ರ ಹೋದದ್ದು ನಮ್ಮೆಲ್ಲರ ಪಾಲಿಗೆ ಒಂದು ಘಟನೆಯಾಗಿದ್ದರೆ, ಅವರ ಪಾಲಿಗೆ ಪಡಸಾಲೆಯ ಆ ಮೂಲೆಯ ಬಿಳಿ ಮಂಜೊಂದು ಆರಿತ್ತು, ಅಷ್ಟೆ. ಮನೆಯ ಉಳಿದವರೆಲ್ಲ ಬಂದು ತಮ್ಮ ಪಕ್ಕದಲ್ಲೇ ಕತ್ತಲಲ್ಲಿ ಕೂತದ್ದು ಅವರಿಗೆ ಸಂತೋಷವನ್ನೇ ಕೊಟ್ಟಿರಬೇಕು.

"ಎಷ್ಟ್ ದಿನದಿಂದವ್ವಾ?" ಎಂದು ಕೊಟ್ರೇಶ ಕೇಳಿದರು.

"ಯಾರ ಲೆಕ್ಕ ಇಟ್ಟಾರ? ಮೊದ್ಲ ಮಂಜಾತು, ಆಮ್ಯಾಲ ದಟ್ಟಾತು."

"ಹೇಳಬಾರದಾಗಿತ್ತೇನು?"

"ಹೇಳಿದ್ರ ಏನ್ ಮಾಡ್ತಿದ್ರಿ? ಕಣ್ಣು ಕೊಯ್ಸಾಕ ಕರಕೊಂಡ್ ಹೋಗ್ತಿದ್ರಿ. ಗುಡೇಕೋಟ್ಯಾಗಿನ ನಮ್ಮಕ್ಕ ಕೊಯ್ಸಿಕೊಂಡು ಇದ್ದದ್ದನ್ನೂ ಕಳಕೊಂಡ್ಲು. ನಾ ಬರಂಗಿಲ್ಲ."

ಅವರ ಅಕ್ಕನ ಕಥೆ ಬಹಳ ಹಳೆಯದು, ಕಣ್ಣಿನ ಚಿಕಿತ್ಸೆ ಇಷ್ಟು ಬೆಳೆಯದಿದ್ದ ಕಾಲದ್ದು. ಕೊಟ್ರೇಶ ಮರುದಿನವೆಲ್ಲ ಅಂಗಡಿಗೆ ಹೋಗದೆ ತಾಯಿಯ ಬೆನ್ನುಹತ್ತಿದರು. "ಅವ್ವಾ, ಈಗ ಹತ್ತು ನಿಮಿಷದ ಕೆಲ್ಸ ಅಂತ."

"ಹತ್ತು ನಿಮಿಷದಾಗ ಒಂದು ಹೋಳಿಗಿ ನೆಟ್ಟಗ ಬೇಯಂಗಿಲ್ಲ, ಕಣ್ಣು ಬರ್ತೈತೇನು? ಹೋಗೋ ಹುಚ್ಚ."

ಹೊಸ ಟಿವಿಯ ಮಾತು ನಮ್ಮ ಮನೆಯಿಂದ ಸದ್ದಿಲ್ಲದೆ ಹೊರಟುಹೋಯಿತು. ಕೆಟ್ಟ ಟಿವಿಯನ್ನೂ ಯಾರೂ ಹಾಕಲಿಲ್ಲ. ಖಾಸಿಂಸಾಬರು ಬಂದು ಹೊಸ್ತಿಲ ಹೊರಗೇ ನಿಂತು, "ಏನ್ ಮಾಡಣಂತೀರಿ? ದೀಪದ ಪಟ್ಟಿ ದಾವಣಗೆರಿಯಿಂದ ತರಿಸಬೇಕು. ತರಿಸಲೋ ಬ್ಯಾಡೋ?" ಎಂದಾಗ, ನಾನು ಬೇಡವೆನ್ನುವಷ್ಟರಲ್ಲಿ ಅತ್ತೆಯ ದನಿ ಬಂತು.

"ಖಾಸಿಂ, ಅದರಾಗ ಚಿತ್ರ ಐತಿ, ಬೆಳಕಷ್ಟ ಹೋಗೈತಿ ಅಂದ್ಯಲ್ಲಪ್ಪ."

"ಹೌದ್ರಿ ಅವ್ವಾರ."

"ಬಿಚ್ಚಿದ್ರ ಬರ್ತೈತೇನು?"

"ಬರಬೌದ್ರಿ. ಆದ್ರ ಮುಂದಿನ ಪರದಿ ಎತ್ತಿ ತೆಗೀಬೇಕು, ಅದು ಒಣಗಿದ ಹಪ್ಪಳ ಇದ್ದಂಗ. ಸೀಳಿತು ಅಂದ್ರ ಕಥಿ ಮುಗೀತು. ಹೋದ ತಿಂಗಳ ಒಬ್ರದು ನನ್ನ ಕೈಯಾಗ ಸೀಳೈತಿ. ಸುಳ್ಳ್ಯಾಕ ಹೇಳ್ಲಿ?"

ಅತ್ತೆ ಎಲೆ ಅಡಿಕೆಯ ಚೀಲ ಬದಿಗಿಟ್ಟರು. "ಹಂಗಾದ್ರ ಬಿಚ್ಚು. ಅದಕ್ಕ ಬೆಳಕು ಬಂತಂದ್ರ ನಾನೂ ದಾವಣಗೆರಿಗೆ ಹೊಂಟೆ. ಅದು ಸೀಳಿತು ಅಂದ್ರ, ಮುಂದ ಯಾರೂ ನನ್ನ ಕಣ್ಣಿನ ಸುದ್ದಿ ಎತ್ತಂಗಿಲ್ಲ."

ಅಂದು ಖಾಸಿಂಸಾಬರು ಚಹ ಕುಡಿಯದೆ ಹೋದರು. ಅವರ ಬದುಕಿನಲ್ಲಿ ಅದು ದೊಡ್ಡ ಮಾತು. ಮುಂದೆ ನಾನು ಬಜಾರಿಗೆ ಹೋದಾಗ ಅಂಗಡಿಯಿಂದಿಳಿದು ಬಂದು ಕೈಮುಗಿದರು. "ಅಕ್ಕಾರ, ಟಿವಿ ಅಂದ್ರ ಮಾಡ್ತೀನ್ರಿ. ಅವ್ವಾರ ಕಣ್ಣು ತಂದು ನನ್ನ ಕೈಯಾಗ ಯಾಕ ಇಡ್ತೀರಿ?"

ಯೋಚಿಸಿ ನೋಡಿ, ಒಂದು ಯಂತ್ರವನ್ನು ಉಳಿಸಬೇಕೇ ಬಿಡಬೇಕೇ ಎಂದು ತೂಗುವಾಗ ನಾವು ಅದರ ವಯಸ್ಸು, ಖರ್ಚು, ಬಾಳಿಕೆ ಇವನ್ನಷ್ಟೇ ತಕ್ಕಡಿಗೆ ಹಾಕುತ್ತೇವೆ. ಅದರ ಹಿಂದೆ ಮನುಷ್ಯರು ಯಾವ ಯಾವ ಭಯವನ್ನು, ಯಾವ ಯಾವ ಆಸೆಯನ್ನು ಅವಿತಿಟ್ಟಿರುತ್ತಾರೆಂಬುದು ಯಾವ ಮೆಕ್ಯಾನಿಕ್ಕಿನ ಬೆಳಕಿಗೂ ಕಾಣುವುದಿಲ್ಲ. ನಮ್ಮತ್ತೆ ಪಂದ್ಯ ಕಟ್ಟಿದ್ದು ಹಟದಿಂದಲ್ಲ ಎಂದು ನನಗೆ ಅನಿಸಿತು. ಅವರಿಗೆ ಹೋಗುವ ಮನಸ್ಸಿತ್ತು, ಧೈರ್ಯ ಸಾಲದಾಗಿತ್ತು. ತಮಗಿಂತ ಮೊದಲು ಬೇರೆ ಯಾವುದಾದರೂ ಹೋಗಿ ಕೊಯ್ಸಿಕೊಂಡು ಸುರಕ್ಷಿತವಾಗಿ ಬರಲಿ ಎಂದು ಕಾಯುತ್ತಿದ್ದರು.

ಕೊಟ್ರೇಶರದು ಬೇರೆ ಉಪಾಯ. "ಸೀಳಿದ್ರೂ ಬಂತಂತ ಹೇಳಿಬಿಡೂಣು. ಆಕಿಗೇನ್ ಕಾಣ್ತೈತಿ?" ಎಂದರು ಅಡುಗೆಮನೆಯಲ್ಲಿ ಪಿಸುದನಿಯಲ್ಲಿ.

"ಏನ್ ಮಾತಾಡ್ತೀರಿ ನೀವು?" ಎಂದು ನಾನು ರೇಗಿದೆ. ಅವರು ತಲೆ ತಗ್ಗಿಸಿದರು. "ಏನ್ ಮಾಡ್ಲಿ ನಿರ್ಮಲಾ, ಅವ್ವ ಗೋಡಿ ಹಿಡಕೊಂಡು ಅಡ್ಡಾಡೋದು ನನಗ ನೋಡಾಕ ಆಗವಲ್ದು."

ಗೋಡೆಯಷ್ಟಗಲದ ಹೊಸ ಟಿವಿಗೆ ಮನಸೋತಿದ್ದ ಮನುಷ್ಯ ಅಂದಿನಿಂದ ಹಳೆಯದರ ಪರಮಭಕ್ತನಾದ. ಅದರ ಧೂಳು ಒರೆಸಿದ್ದೇನು, ಅಂಗಡಿಗೆ ಹೋಗುವ ಮುಂಚೆ ಅದಕ್ಕೆ ಊದುಬತ್ತಿ ತೋರಿಸಿದ್ದೇನು!

ದಾವಣಗೆರೆಯಿಂದ ದೀಪದ ಪಟ್ಟಿಗಳು ಬಂದವು. ಒಂದು ಬೆಳಿಗ್ಗೆ ಪಡಸಾಲೆಯಲ್ಲಿ ನನ್ನ ಕತ್ತರಿಸುವ ಮೇಜಿನ ಮೇಲೆ ಕೌದಿ ಹಾಸಿ ಟಿವಿಯನ್ನು ಮಕಾಡೆ ಮಲಗಿಸಿದರು. ಖಾಸಿಂಸಾಬರು ಬಿಸ್ಮಿಲ್ಲಾ ಅಂದು ಬೆನ್ನಿನ ಸ್ಕ್ರೂ ಬಿಚ್ಚಿದರು. ಅತ್ತೆ ಮೂಲೆಯಲ್ಲಿ ಕೈಮುಗಿದು ಶಿವಶಿವಾ ಅನ್ನುತ್ತಿದ್ದರು. ಎರಡು ದಿಕ್ಕಿನ ದೇವರುಗಳೂ ನಮ್ಮ ಟಿವಿಯ ಕಡೆ ತಿರುಗಿದ್ದ ಬೆಳಗು ಅದು. ಟಿವಿಯನ್ನು ಅಂಗಾತ ತಿರುಗಿಸಿ ಪರದೆ ಎತ್ತುವ ಹೊತ್ತಿಗೆ ಖಾಸಿಂಸಾಬರು ನನ್ನನ್ನು ಕರೆದರು. "ರೇಷ್ಮಿ ಹಿಡಿಯೋ ಕೈ ನಿಮ್ದು, ಆ ಕಡಿಗೆ ನೀವು ಹಿಡೀರಿ." ಅವರೊಂದು ಬದಿ, ನಾನೊಂದು ಬದಿ. ಅಷ್ಟು ದೊಡ್ಡ ಟಿವಿಯ ಸರ್ವಸ್ವವೂ ಅಷ್ಟು ತೆಳ್ಳಗಿನ ಒಂದು ಗಾಜೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಗಾಳಿ ಬಂದರೆ ಬಾಗುತ್ತಿತ್ತು, ಉಸಿರು ಬಿಟ್ಟರೆ ನಡುಗುತ್ತಿತ್ತು.

ಅದೇ ಹೊತ್ತಿಗೆ ಕೊಟ್ರೇಶರು ಮೂಗು ಹಿಡಿದುಕೊಂಡು, "ಸೀನು ಬರಾಕ ಹತ್ತೈತಿ" ಎಂದರು.

"ಹೊರಗ ಹೋಗ್ರೀ!" ಎಂದು ನಾನೂ ಖಾಸಿಂಸಾಬರೂ ಒಟ್ಟಿಗೆ ಕೂಗಿದೆವು. ಅವರು ಓಡಿದ ರಭಸಕ್ಕೆ ಚಪ್ಪಲಿಯೊಂದು ಒಳಗೇ ಉಳಿಯಿತು. ಬೀದಿಯಲ್ಲಿ ಸಿಡಿದ ಆ ಸೀನು ಪಡಸಾಲೆಯಲ್ಲಿ ಸಿಡಿದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ನಾವು ಪರದೆಯನ್ನು ಹಾಸಿಗೆಯ ಮೇಲೆ ಮಲಗಿಸಿದೆವು. ಹಳೆಯ ದೀಪದ ಪಟ್ಟಿಗಳು ಸುಟ್ಟು ಕಂದಿದ್ದವು. ಖಾಸಿಂಸಾಬರು ಹೊಸದನ್ನು ಅಂಟಿಸಿ, ಹಾಳೆಗಳನ್ನು ಹೊದಿಸಿ, ಮತ್ತೆ ನನ್ನನ್ನು ಕರೆದರು. ಮತ್ತೆ ಆ ಗಾಜು, ಮತ್ತೆ ಆ ಉಸಿರು ಬಿಗಿಹಿಡಿದ ಹೆಜ್ಜೆಗಳು. ಸ್ಕ್ರೂ ಬಿಗಿದು, ಟಿವಿಯನ್ನು ಎತ್ತಿ ನಿಲ್ಲಿಸಿ, ವೈರು ಸಿಕ್ಕಿಸುವಾಗ ಅವರ ಹಣೆಯ ಬೆವರು ಗಡ್ಡದೊಳಗೆ ಇಳಿಯುತ್ತಿತ್ತು.

"ಹಾಕ್ಲೇನ್ರಿ?" ಎಂದರು. ಕಾಯದೆ ತಾವೇ ಹಾಕಿದರು.

ಮೊದಲು ಮಾತು ಬಂತು. ಪರದೆ ಕಪ್ಪಾಗಿಯೇ ಇತ್ತು. ಬಾಗಿಲಲ್ಲಿ ಒಂಟಿ ಚಪ್ಪಲಿಯಲ್ಲಿ ನಿಂತಿದ್ದ ಕೊಟ್ರೇಶರ ಕಡೆ ನಾನು ನೋಡಲಾರದೆ ನೋಡಿದೆ. ಅಷ್ಟರಲ್ಲಿ ನನ್ನ ಬೆನ್ನ ಹಿಂದಿನಿಂದ ಅತ್ತೆಯ ದನಿ ಕೇಳಿಸಿತು.

"ಬಂತು."

ತಿರುಗಿದೆ. ಪರದೆ ಬೆಳಗಿತ್ತು! ಎಡಗಡೆಯ ಮೂಲೆ ತುಸು ಮಂಕು, ಉಳಿದದ್ದೆಲ್ಲ ಹಗಲಿನಷ್ಟು ನಿಚ್ಚಳ. ಯಾರೋ ಒಬ್ಬಾಕೆ ಬದನೆಕಾಯಿ ಎಣ್ಣೆಗಾಯಿ ಮಾಡುವುದನ್ನು ಕಲಿಸುತ್ತಿದ್ದಳು. ಅಷ್ಟು ಸುಂದರವಾದ ಬದನೆಕಾಯಿಯನ್ನು ನಾನು ಕಂಡಿಲ್ಲ.

"ಅಲ್ಲೊಂದು ಬೆಳ್ಳಗ ಮಂಜು ಇರ್ತಿತ್ತು, ಅದು ಬಂತು. ನೀವು ಸುಳ್ಳು ಹೇಳ್ತೀರಂತ ಕಣ್ಣು ಬಿಟ್ಟುಕೊಂಡೇ ಕುಂತಿದ್ದೆ" ಎಂದರು ಅತ್ತೆ. ಕೊಟ್ರೇಶರಿಗೆ ನಗುವೂ ಅಳುವೂ ಒಟ್ಟಿಗೆ ಬಂದವು. ಖಾಸಿಂಸಾಬರು ನೆಲದ ಮೇಲೆ ಕುಸಿದು ಕೂತು, "ಚಹ ಕೊಡ್ರಿ ಅಕ್ಕಾರ, ದೊಡ್ಡ ಲೋಟದಾಗ" ಎಂದರು.

ದಾವಣಗೆರೆಯ ಕಣ್ಣಾಸ್ಪತ್ರೆಯಲ್ಲಿ ಅತ್ತೆ ಮಾತಿಗೆ ತಪ್ಪಲಿಲ್ಲ; ಕೈ ಮಾತ್ರ ನನ್ನ ಕೈಯನ್ನು ಬಿಡಲಿಲ್ಲ. ಡಾಕ್ಟರಮ್ಮ ದೀಪ ಬಿಟ್ಟು ನೋಡಿ, "ಪೊರೆ ಬಲಿತಿದೆ ಅಷ್ಟೆ, ಒಳಗಿನ ನರ ಚೆನ್ನಾಗಿದೆ. ಮಂಜಾಗಿರೋ ಮಸೂರ ತೊಳೆಯಾಕೆ ಬರಲ್ಲ, ತೆಗೆದು ಹೊಸದು ಹಾಕ್ತೀವಿ" ಎಂದರು. ಕೊಟ್ರೇಶರು ವ್ಯಾಪಾರಸ್ಥರಲ್ಲವೇ, ಅಭ್ಯಾಸಬಲದಿಂದ, "ಅದಕ್ಕ ಗ್ಯಾರಂಟಿ ಎಷ್ಟು ವರ್ಷದ್ದು ಡಾಕ್ಟ್ರ?" ಎಂದುಬಿಟ್ಟರು.

ಡಾಕ್ಟರಮ್ಮ ನಕ್ಕು, "ನಿಮ್ಮ ತಾಯಿ ಇರೋ ತನಕ" ಎಂದರು.

"ಹಂಗಾದ್ರ ಹೊಸಾದ ಹಾಕ್ರಿ" ಎಂದರು ಅತ್ತೆ.

ಮೊದಲು ಒಂದು ಕಣ್ಣಿಗೆ ಹಾಕಿದರು. ಮರುದಿನ ಅದರ ಪಟ್ಟಿ ಬಿಚ್ಚಿದಾಗ ಅತ್ತೆ ಕಿಟಕಿ ನೋಡಿದರು, ಕಿಟಕಿಯ ಸರಳು ನೋಡಿದರು, ತಮ್ಮ ಅಂಗೈಯನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡರು. ಆಮೇಲೆ ಮಗನ ಕಡೆ ತಿರುಗಿ, "ಲೇ ಕೊಟ್ರಾ, ಇಷ್ಟ್ಯಾಕ ಹೊಟ್ಟಿ ಬಿಟ್ಟೀಯೋ?" ಎಂದರು. ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು. ನನ್ನ ಬೈತಲೆಯ ಅಕ್ಕಪಕ್ಕದ ನರೆಯನ್ನು ಬೆರಳಿನಿಂದ ಸವರಿ, "ಇವ್ಯಾವಾಗ ಬಂದ್ವು? ನನಗ ಯಾರೂ ಹೇಳ್ಲೇ ಇಲ್ಲ" ಎಂದರು, ಮನೆಗೆ ಬಂದ ನೆಂಟರ ಸುದ್ದಿಯನ್ನು ತಮಗೆ ತಿಳಿಸದೆ ಬಿಟ್ಟೆವೇನೋ ಎಂಬ ಮುನಿಸಿನಲ್ಲಿ. ಯಾರಾದರೂ ನನ್ನ ನರೆಯನ್ನು ಅಷ್ಟು ಅಕ್ಕರೆಯಿಂದ ನೋಡಿಯಾರೆಂದು ನಾನು ಎಣಿಸಿರಲಿಲ್ಲ.

ಊರಿಗೆ ಬಂದ ಸಂಜೆ ಧಾರಾವಾಹಿಗೆ ನಮ್ಮ ಪಡಸಾಲೆ ತುಂಬಿತು. ಅತ್ತೆಗೆ ಈಗ ಕಪ್ಪು ಕನ್ನಡಕ, ಎದುರಿಗೆ ಬೆಳಗುವ ಪರದೆ. ನಾವೆಲ್ಲ ಪರದೆ ಬಿಟ್ಟು ಅವರನ್ನೇ ನೋಡುತ್ತಿದ್ದೆವು. ಕತೆ ಶುರುವಾದ ಕಾಲಕ್ಕಾಗಲೇ ಅವರ ಕಣ್ಣು ಮಂಜಾಗಿದ್ದರಿಂದ ಅದರಲ್ಲಿನ ಒಂದು ಮುಖವನ್ನೂ ಅವರು ಕಂಡಿರಲಿಲ್ಲ. ಬಳೆಯ ಸದ್ದಾಗಿ ಸಣ್ಣ ಸೊಸೆ ಬಂದಳು.

"ಈಕಿ ಯಾರು?"

"ಸಣ್ಣ ಸೊಸಿ ಅತ್ತಿ."

"ಸುಳ್ಳು! ಸಣ್ಣ ಸೊಸಿ ಕಪ್ಪಗ, ಉದ್ದಕ, ಲಕ್ಷಣಾಗಿ ಅದಾಳ. ಈಕಿ ಸುಣ್ಣ ಬಳಕೊಂಡಂಗ ಅದಾಳಲ್ಲ." ಮಾವನನ್ನು ಕಂಡು ಇನ್ನೂ ನಿರಾಶರಾದರು. ಅಷ್ಟು ಗಂಭೀರ ದನಿಯ ಮನುಷ್ಯನಿಗೆ ಅಷ್ಟು ತೆಳ್ಳನೆಯ ಮೀಸೆಯೇ? ಕೇಡಿಗ ತಮ್ಮ ಮಾತ್ರ ನೋಡಲು ಬಲು ಚೆಲುವ. ಅವನನ್ನು ಬೈಯಲು ಇನ್ನು ಬಾಯಿ ಬರುವುದಿಲ್ಲವೆಂದರು. ಜಂಪರಿಗೆ ಬಂದಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. "ನಾ ಮನಸಿನ್ಯಾಗ ಮಾಡಿಕೊಂಡ ಮಂದೀನ ಚಲೋ ಇದ್ರು" ಎಂದು ಅತ್ತೆ ತಮ್ಮ ತೀರ್ಪು ಕೊಟ್ಟರು.

ಟಿವಿಯೇನೋ ಚೆನ್ನಾಗಿಯೇ ನಡೆಯುತ್ತಿದೆ. ಎಷ್ಟು ದಿನ ನಡೆದೀತೋ ತಿಳಿಯದು, ಖಾಸಿಂಸಾಬರೂ ಹೇಳಲಾರರು. ಇನ್ನೊಂದು ಕಣ್ಣಿನ ಪೊರೆಯನ್ನು ತೆಗೆಸಲು ಅತ್ತೆ ತಾವೇ ದಿನ ಕೇಳುತ್ತಿದ್ದಾರೆ. ಉಳಿಸುವುದೋ ಬದಲಿಸುವುದೋ ಎಂದು ನೀವು ನನ್ನನ್ನು ಕೇಳಿದರೆ ಈಗಲೂ ನಾನು ಥಟ್ಟನೆ ಉತ್ತರಿಸಲಾರೆ. ಒಂದೇ ತಿಂಗಳಲ್ಲಿ ಒಂದನ್ನು ಉಳಿಸಿದೆವು, ಒಂದನ್ನು ಬದಲಿಸಿದೆವು, ಎರಡರಿಂದಲೂ ಸುಖಪಟ್ಟೆವು.

ನಿನ್ನೆ ಸಂಜೆ ನಾನು ಯಂತ್ರದ ಮುಂದೆ ಇದ್ದೆ. ಧಾರಾವಾಹಿಯ ಹೊತ್ತಾಯಿತು, ಕೊಟ್ರೇಶ ಟಿವಿ ಹಾಕಿದರು, ಗೋಡೆಯ ಬಳಿ ಅತ್ತೆ ಇರಲಿಲ್ಲ. ಹೊರಗೆ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದರು. ಸಂತೆಯಿಂದ ಮರಳುವವರು, ಮಂಡಕ್ಕಿ ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಹೋಗುವವರು, ಕುರಿ ಹೊಡೆದುಕೊಂಡು ಬರುವವರು, ಎಲ್ಲರನ್ನೂ ಅವರು ದನಿ ಎತ್ತುವ ಮೊದಲೇ ಅತ್ತೆ ಹೆಸರು ಹಿಡಿದು ಕರೆದು ಮಾತಾಡಿಸುತ್ತಿದ್ದರು.

"ಅವ್ವಾ, ಶುರುವಾತು ಬಾ" ಎಂದು ಕೊಟ್ರೇಶ ಒಳಗಿನಿಂದ ಕೂಗಿದರು.

ಅತ್ತೆ ಬೀದಿಯಿಂದ ಕಣ್ಣು ತೆಗೆಯಲಿಲ್ಲ. "ನೀವ ನೋಡಿ ಏನಾತಂತ ಹೇಳ್ರಿ. ನನಗ ಈಗ ಪುರಸೊತ್ತಿಲ್ಲ."

ನಾನು ಜಂಪರನ್ನು ಯಂತ್ರದಲ್ಲೇ ಬಿಟ್ಟು ಹೊರಗೆ ಹೋದೆ. ಅವರು ಸರಿದು, ಪಕ್ಕದಲ್ಲಿ ಜಾಗ ಮಾಡಿಕೊಟ್ಟರು.